ನಾಲಿಗೆ ಸುಟ್ಟ ಗಂಜಿ ಕಲಿಸಿದ ಪಾಠ: ಕೌಂಟ್ ರಮ್‌ಫರ್ಡ್

ಮಕ್ಕಳೇ,

ಮಧ್ಯಾಹ್ನ ಬಿಸಿಯೂಟಕ್ಕೆ ಕುಳಿತಿದ್ದೀರಿ ಎಂದುಕೊಳ್ಳಿ. ಒಂದು ಬಟ್ಟಲಿನಲ್ಲಿ ತಿಳಿಸಾರು ಇದೆ. ಇನ್ನೊಂದು ಬಟ್ಟಲಿನಲ್ಲಿ ಗಟ್ಟಿಯಾದ ಪಾಯಸ ಇದೆ. ಎರಡೂ ಒಂದೇ ಹೊತ್ತಿಗೆ ಒಲೆಯಿಂದ ಇಳಿದಿವೆ. ಸ್ವಲ್ಪ ಹೊತ್ತಿನಲ್ಲಿ ಸಾರು ಕುಡಿಯುವಷ್ಟು ಆರುತ್ತದೆ. ಪಾಯಸವೂ ಮೇಲ್ನೋಟಕ್ಕೆ ಆರಿದಂತೆಯೇ ಕಾಣುತ್ತದೆ. ಆದರೆ ಚಮಚವನ್ನು ತಳದವರೆಗೆ ಹಾಕಿ ಬಾಯಿಗಿಟ್ಟರೆ ನಾಲಿಗೆ ಚುರ್ ಎನ್ನುತ್ತದೆ!

ಇದು ಏಕೆ ಹೀಗೆ? ನಾವು ಉಫ್ ಎಂದು ಊದಿಕೊಂಡು ಊಟ ಮುಂದುವರಿಸುತ್ತೇವೆ. ಆದರೆ ಎರಡು ಶತಮಾನಗಳಿಗೂ ಹಿಂದೆ ಹೀಗೆಯೇ ನಾಲಿಗೆ ಸುಟ್ಟುಕೊಂಡ ಒಬ್ಬ ವ್ಯಕ್ತಿ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಕಾರಣ ಹುಡುಕುತ್ತಾ ಹೋದ. ಆ ಹುಡುಕಾಟ ಅವನನ್ನು ಅಡುಗೆಮನೆಗೆ, ಹೊಗೆ ತುಂಬಿದ ಕೋಣೆಗಳಿಗೆ, ಕೊನೆಗೆ ಹಿಮನದಿಯ ಮೇಲಕ್ಕೂ ಕರೆದೊಯ್ದಿತು. ಅವನೇ ಕೌಂಟ್ ರಮ್‌ಫರ್ಡ್. ಬನ್ನಿ, ಆತನ ಬದುಕಿನ ಜೊತೆಗೆ, ಕಾಯಿಸಿದಾಗ ವಸ್ತುಗಳ ಸಾಂದ್ರತೆಗೆ ಏನಾಗುತ್ತದೆ ಎಂಬುದನ್ನೂ ತಿಳಿಯೋಣ.

ಪಟಾಕಿ ಮಾಡಲು ಹೋದ ಹುಡುಗ

ರಮ್‌ಫರ್ಡ್‌ನ ಮೊದಲ ಹೆಸರು ಬೆಂಜಮಿನ್ ಥಾಮ್ಸನ್. ಅವನು ಹುಟ್ಟಿದ್ದು 1753ರ ಮಾರ್ಚ್ 26ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ವೂಬರ್ನ್ ಎಂಬ ಊರಿನ ರೈತ ಕುಟುಂಬದಲ್ಲಿ. ಆಗ ಅಮೆರಿಕ ಸ್ವತಂತ್ರ ದೇಶವಾಗಿರಲಿಲ್ಲ. ಬ್ರಿಟಿಷ್ ದೊರೆಯ ಆಳ್ವಿಕೆಯಲ್ಲಿತ್ತು. ಬೆಂಜಮಿನ್‌ಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಹದಿಮೂರನೆಯ ವಯಸ್ಸಿಗೆ ಅವನನ್ನು ಸೇಲಂ ಎಂಬ ಊರಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಸಿದರು.

ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡುವುದಕ್ಕಿಂತ ಏನಾದರೊಂದು ಪ್ರಯೋಗ ಮಾಡುವುದರಲ್ಲೇ ಅವನಿಗೆ ಆಸಕ್ತಿ. ಒಮ್ಮೆ ಊರಿನ ಸಂಭ್ರಮಕ್ಕೆಂದು ಪಟಾಕಿ ತಯಾರಿಸಲು ಹೋಗಿ ಮದ್ದು ಸಿಡಿದು ಗಾಯಗೊಂಡ. (ನೀವು ಇಂತಹ ಸಾಹಸ ಖಂಡಿತ ಮಾಡಬೇಡಿ!) ಆದರೂ ಕುತೂಹಲ ತಗ್ಗಲಿಲ್ಲ. ಬಾಲ್ಡ್‌ವಿನ್ ಎಂಬ ಗೆಳೆಯನ ಜೊತೆ ಹಲವು ಮೈಲಿ ನಡೆದು ಹೋಗಿ, ಹಾರ್ವರ್ಡ್ ಕಾಲೇಜಿನಲ್ಲಿ ಪ್ರೊಫೆಸರ್ ಜಾನ್ ವಿಂಥ್ರಾಪ್ ಅವರು ನೀಡುತ್ತಿದ್ದ ವಿಜ್ಞಾನದ ಉಪನ್ಯಾಸಗಳನ್ನು ಕೇಳಿ ಬರುತ್ತಿದ್ದ. ಮನೆಗೆ ಬಂದ ಮೇಲೆ ಇಬ್ಬರೂ ಸೇರಿ ತಾವು ಕಂಡ ಪ್ರಯೋಗಗಳನ್ನು ಮಾಡಿ ನೋಡುತ್ತಿದ್ದರು.

1772ರಲ್ಲಿ ಬೆಂಜಮಿನ್ ಕಾಂಕರ್ಡ್ ಎಂಬ ಊರಿನಲ್ಲಿ ಶಾಲಾ ಶಿಕ್ಷಕನಾದ. ಈ ಊರಿನ ಹಳೆಯ ಹೆಸರು ರಮ್‌ಫರ್ಡ್. ಅದೇ ವರ್ಷ ಅಲ್ಲಿನ ಸಾರಾ ಎಂಬ ಶ್ರೀಮಂತ ವಿಧವೆಯನ್ನು ಮದುವೆಯಾದ. 1774ರಲ್ಲಿ ಮಗಳು ಹುಟ್ಟಿದಳು. ಅವಳ ಹೆಸರೂ ಸಾರಾ.

ಊರು ಬಿಟ್ಟು ಓಡಿದ ಕಥೆ

1775ರಲ್ಲಿ ಬ್ರಿಟಿಷರ ವಿರುದ್ಧ ಅಮೆರಿಕನ್ನರ ಸ್ವಾತಂತ್ರ್ಯ ಯುದ್ಧ ಆರಂಭವಾಯಿತು. ಬೆಂಜಮಿನ್ ದೊರೆಯ ಪಕ್ಷ ವಹಿಸಿದ. ಅಷ್ಟೇ ಅಲ್ಲ, ತನ್ನ ಊರಿನವರ ಸಿದ್ಧತೆಗಳ ಬಗ್ಗೆ ಬ್ರಿಟಿಷರಿಗೆ ಗುಟ್ಟಾಗಿ ಮಾಹಿತಿ ಕಳುಹಿಸಿದ. ಅದಕ್ಕೆ ಕಣ್ಣಿಗೆ ಕಾಣದ ಶಾಯಿಯನ್ನು ಬಳಸಿದ. ರಸಾಯನ ವಿಜ್ಞಾನದ ತಿಳಿವಳಿಕೆ ಹೀಗೂ ಬಳಕೆಯಾಯಿತು ನೋಡಿ!

ನೆರೆಹೊರೆಯವರ ಅನುಮಾನ ಹೆಚ್ಚಾದಾಗ ಆತ ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ಹೊರಟು, 1776ರಲ್ಲಿ ಲಂಡನ್ ಸೇರಿದ. ಹೆಂಡತಿಯನ್ನು ಮತ್ತೆಂದೂ ನೋಡಲಿಲ್ಲ. ಮಗಳನ್ನು ನೋಡಿದ್ದು ಇಪ್ಪತ್ತು ವರ್ಷಗಳ ನಂತರ, 1796ರಲ್ಲಿ, ಆಕೆ ಹಡಗಿನಲ್ಲಿ ಯೂರೋಪಿಗೆ ಬಂದಾಗ.

ಮಕ್ಕಳೇ, ವಿಜ್ಞಾನಿಗಳ ಜೀವನ ಚರಿತ್ರೆ ಓದುವಾಗ ಅವರು ಮಾಡಿದ್ದೆಲ್ಲವೂ ಸರಿ ಎಂದು ಭಾವಿಸಬೇಕಾಗಿಲ್ಲ. ಅವರೂ ನಮ್ಮಂತೆಯೇ ಮನುಷ್ಯರು. ಬೆಂಜಮಿನ್ ಬುದ್ಧಿವಂತ, ಶ್ರಮಜೀವಿ. ಜೊತೆಗೆ ಅಹಂಕಾರಿ, ತನ್ನ ಏಳಿಗೆಯನ್ನೇ ಮುಂದಿಟ್ಟುಕೊಂಡವ. ಇವೆರಡೂ ನಿಜ.

ಲಂಡನ್‌ನಲ್ಲಿ ಆತ ಸರ್ಕಾರಿ ಹುದ್ದೆ ಪಡೆದ. ಬಿಡುವಿನಲ್ಲಿ ಕೋವಿಮದ್ದಿನ ಶಕ್ತಿಯನ್ನು ಅಳೆಯುವ ಪ್ರಯೋಗಗಳನ್ನು ನಡೆಸಿದ. 1779ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾಗಿ ಆಯ್ಕೆಯಾದ. ಕೆಲ ವರ್ಷಗಳ ನಂತರ ಜರ್ಮನ್ ಪ್ರದೇಶದ ಬವೇರಿಯಾ ಎಂಬ ರಾಜ್ಯಕ್ಕೆ ಹೋಗಿ, ಅಲ್ಲಿನ ಅರಸ ಕಾರ್ಲ್ ಥಿಯೋಡೋರ್‌ನ ಸೇವೆಗೆ ಸೇರಿದ.

ಮ್ಯೂನಿಕ್‌ನ ದೊಡ್ಡ ಅಡುಗೆಮನೆ

ಬವೇರಿಯಾದ ರಾಜಧಾನಿ ಮ್ಯೂನಿಕ್. ಅಲ್ಲಿನ ಸೈನಿಕರಿಗೆ ಸರಿಯಾದ ಬಟ್ಟೆ ಇರಲಿಲ್ಲ, ಊಟ ಇರಲಿಲ್ಲ. ನಗರದ ಬೀದಿಗಳಲ್ಲಿ ಭಿಕ್ಷುಕರು ತುಂಬಿದ್ದರು. ಚಳಿಗಾಲದಲ್ಲಿ ಹಿಮ ಬೀಳುವ ಊರು ಅದು. ಎಲ್ಲರಿಗೂ ಬೆಚ್ಚನೆಯ ಬಟ್ಟೆ, ಬಿಸಿ ಊಟ, ಬೆಚ್ಚನೆಯ ಕೋಣೆ ಬೇಕು. ಆದರೆ ಖರ್ಚು ಕಡಿಮೆಯಾಗಬೇಕು. ಈ ಕೆಲಸ ಬೆಂಜಮಿನ್‌ನ ಪಾಲಿಗೆ ಬಂತು.

ಯಾವ ಬಟ್ಟೆ ಹೆಚ್ಚು ಬೆಚ್ಚಗಿಡುತ್ತದೆ ಎಂದು ತಿಳಿಯಲು ಆತ ಥರ್ಮಾಮೀಟರಿನ ಸುತ್ತ ಉಣ್ಣೆ, ಹತ್ತಿ, ರೇಷ್ಮೆ, ತುಪ್ಪಳಗಳನ್ನು ತುಂಬಿಸಿ, ಅದು ಆರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದ. ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿಯೇ ಶಾಖವನ್ನು ತಡೆಯುತ್ತದೆ ಎಂಬುದು ಆತನಿಗೆ ಹೊಳೆಯಿತು. ಗಾಳಿ ಅಲುಗಾಡಿದರೆ ಶಾಖ ಹೋಗುತ್ತದೆ, ಅಲುಗಾಡದಿದ್ದರೆ ಉಳಿಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1790ರ ಜನವರಿ 1ರಂದು ಆತ ಸೈನಿಕರ ನೆರವಿನಿಂದ ನಗರದ ಭಿಕ್ಷುಕರನ್ನೆಲ್ಲ ಹಿಡಿಸಿದ. ಅವರಿಗಾಗಿ ಸಿದ್ಧಪಡಿಸಿದ್ದ ದೊಡ್ಡ ಕಟ್ಟಡದಲ್ಲಿ ಬೆಚ್ಚನೆಯ ಕೋಣೆ, ಬಿಸಿ ಊಟ ಮತ್ತು ನೂಲುವ, ಹೊಲಿಯುವ ಕೆಲಸ ಕೊಟ್ಟ. ಅಲ್ಲಿ ಸೈನಿಕರ ಬಟ್ಟೆ ತಯಾರಾಗುತ್ತಿತ್ತು. ಬಲವಂತವಾಗಿ ಹಿಡಿದು ತಂದದ್ದು ಸರಿಯೇ ಎಂದು ನಾವು ಇಂದು ಕೇಳಬಹುದು. ಆದರೆ ಹಸಿದವರಿಗೆ ದಿನವೂ ಊಟ ಸಿಕ್ಕಿತು ಎಂಬುದೂ ನಿಜ.

ಬಾರ್ಲಿ, ಒಣಬಟಾಣಿ, ಆಲೂಗೆಡ್ಡೆ, ರೊಟ್ಟಿಯ ತುಂಡು ಸೇರಿಸಿ ಕುದಿಸಿದ ಗಟ್ಟಿ ಸೂಪು ಅವರ ಊಟ. ಆಗ ಅಲ್ಲಿನ ಜನ ಆಲೂಗೆಡ್ಡೆಯನ್ನು ಮುಟ್ಟುತ್ತಿರಲಿಲ್ಲ. ಅದಕ್ಕೇ ಮೊದಮೊದಲು ಆಲೂಗೆಡ್ಡೆಯನ್ನು ಗುರುತೇ ಸಿಗದಂತೆ ಕರಗುವವರೆಗೆ ಗುಟ್ಟಾಗಿ ಬೇಯಿಸುತ್ತಿದ್ದರು! ನೂರಾರು ಜನರಿಗೆ ಅಡುಗೆ ಮಾಡಲು ಬಹಳ ಸೌದೆ ಬೇಕು. ತೆರೆದ ಬೆಂಕಿಯ ಶಾಖದಲ್ಲಿ ಹೆಚ್ಚಿನ ಪಾಲು ಪಾತ್ರೆಗೆ ತಗಲದೆ ವ್ಯರ್ಥವಾಗುವುದನ್ನು ಗಮನಿಸಿ, ಆತ ಸುತ್ತಲೂ ಮುಚ್ಚಿದ, ಗಾಳಿಯನ್ನು ಹೆಚ್ಚು ಕಡಿಮೆ ಮಾಡಬಹುದಾದ ಒಲೆಗಳನ್ನು ಕಟ್ಟಿಸಿದ. ಸೌದೆ ಉಳಿಯಿತು.

ಈ ಸೇವೆಗಳಿಗಾಗಿ ಅರಸನ ಕಡೆಯಿಂದ ಕೌಂಟ್ ಎಂಬ ಪದವಿ ದೊರೆಯಿತು. ಹೊಸ ಹೆಸರಾಗಿ ಆತ ಆರಿಸಿಕೊಂಡದ್ದು ತಾನು ಬಿಟ್ಟು ಬಂದ ಊರಿನ ಹಳೆಯ ಹೆಸರನ್ನು. ಬೆಂಜಮಿನ್ ಥಾಮ್ಸನ್ ಹೀಗೆ ಕೌಂಟ್ ರಮ್‌ಫರ್ಡ್ ಆದ.

ಎರಡು ಚಮಚ ಗಂಜಿ

ಒಂದು ದಿನ ರಮ್‌ಫರ್ಡ್ ಬಿಟ್ಟೇಳಲಾಗದ ಪ್ರಯೋಗವೊಂದರಲ್ಲಿ ತೊಡಗಿದ್ದ. ಊಟಕ್ಕೆ ಅಕ್ಕಿಯ ಗಟ್ಟಿ ಗಂಜಿ ಬಂತು. ತುಂಬಾ ಬಿಸಿ ಇದ್ದುದರಿಂದ ಆಗಲೇ ತಿನ್ನಲಾಗಲಿಲ್ಲ. ಪೂರ್ತಿ ಆರಿಹೋಗಲೂ ಬಾರದು. ಹಾಗಾಗಿ ಕೋಣೆಯನ್ನು ಬೆಚ್ಚಗಿಡುವ ಕಬ್ಬಿಣದ ಒಲೆಯ ಮೇಲೆ ಬಟ್ಟಲನ್ನು ಇಡಿಸಿದ. ಸುಮಾರು ಒಂದು ಗಂಟೆಯ ನಂತರ ಹಸಿವಾಯಿತು. ಬಟ್ಟಲಿನಿಂದ ಒಂದು ಚಮಚ ತೆಗೆದು ಬಾಯಿಗಿಟ್ಟ. ತಣ್ಣಗಿತ್ತು. ಎರಡನೆಯ ಚಮಚ ಸ್ವಲ್ಪ ಆಳಕ್ಕೆ ಹೋಯಿತು. ಆ ಗಂಜಿ ಬಾಯಿ ಸುಟ್ಟಿತು!

ಒಂದೇ ಬಟ್ಟಲು, ಒಂದೇ ಗಂಜಿ. ಕೆಳಗೆ ಒಲೆಯ ಶಾಖ ತಗಲುತ್ತಲೇ ಇದೆ. ಆದರೂ ಆ ಶಾಖ ಮೇಲಿನವರೆಗೆ ಬರಲಿಲ್ಲವೇಕೆ? ಅದೇ ಬಟ್ಟಲಿನಲ್ಲಿ ಬರೀ ನೀರಿದ್ದಿದ್ದರೆ ಮೇಲೂ ಕೆಳಗೂ ಹೆಚ್ಚುಕಡಿಮೆ ಒಂದೇ ಬಿಸಿ ಇರುತ್ತಿತ್ತಲ್ಲವೇ? ನೀರಿಗೆ ಇರುವ ಯಾವುದೋ ಒಂದು ಅನುಕೂಲ ಗಂಜಿಗೆ ಇಲ್ಲ. ಅದು ಯಾವುದು?

ಕಿಟಕಿಯ ಬಳಿ ಕಂಡ ಧೂಳು

ಉತ್ತರದ ಸುಳಿವು ಸಿಕ್ಕಿದ್ದು ಇನ್ನೊಂದು ಪ್ರಯೋಗದಲ್ಲಿ, ಅದೂ ಆಕಸ್ಮಿಕವಾಗಿ. ರಮ್‌ಫರ್ಡ್ ಬಳಿ ದೊಡ್ಡ ಗಾತ್ರದ ಥರ್ಮಾಮೀಟರುಗಳಿದ್ದವು. ಅವುಗಳ ಬುಡದಲ್ಲಿ ತಾಮ್ರದ ಗುಂಡು, ಮೇಲೆ ಗಾಜಿನ ಕೊಳವೆ, ಒಳಗೆ ಮದ್ಯಸಾರ. ಒಂದನ್ನು ಚೆನ್ನಾಗಿ ಕಾಯಿಸಿ, ಆರಲೆಂದು ಬಿಸಿಲು ಬೀಳುತ್ತಿದ್ದ ಕಿಟಕಿಯಲ್ಲಿ ಇಟ್ಟ. ಅತ್ತ ಕಣ್ಣು ಹಾಯಿಸಿದಾಗ ಆಶ್ಚರ್ಯ ಕಾದಿತ್ತು. ಸುಮ್ಮನೆ ನಿಂತಿರಬೇಕಾದ ದ್ರವ ಓಡಾಡುತ್ತಿತ್ತು!

ಗುಂಡಿನೊಳಗೆ ಹಿಂದೆಂದೋ ಸೇರಿಕೊಂಡಿದ್ದ ಧೂಳಿನ ಕಣಗಳು ಬಿಸಿಲಿಗೆ ಮಿನುಗುತ್ತಿದ್ದವು. ಅವುಗಳಿಂದಾಗಿ ದ್ರವದ ಚಲನೆ ಕಾಣುವಂತಾಯಿತು. ಕೊಳವೆಯ ನಟ್ಟನಡುವೆ ಕಣಗಳು ವೇಗವಾಗಿ ಮೇಲೇರುತ್ತಿದ್ದವು. ಅದೇ ಹೊತ್ತಿಗೆ ಕೊಳವೆಯ ಗೋಡೆಯ ಪಕ್ಕದಲ್ಲಿ ಕಣಗಳು ಕೆಳಗಿಳಿಯುತ್ತಿದ್ದವು. ಒಂದೇ ಕೊಳವೆಯಲ್ಲಿ ಎರಡು ಪ್ರವಾಹಗಳು, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಥರ್ಮಾಮೀಟರ್ ಆರುತ್ತಾ ಬಂದಂತೆ ಓಟ ನಿಧಾನವಾಯಿತು. ಕೋಣೆಯಷ್ಟೇ ತಣ್ಣಗಾದಾಗ ಪೂರ್ತಿ ನಿಂತಿತು.

ಇದನ್ನು ಎಷ್ಟೋ ಜನ ನೋಡಿಯೂ ಕಸ ಬಿದ್ದಿದೆ ಎಂದು ತೊಳೆದಿಡುತ್ತಿದ್ದರೇನೋ. ರಮ್‌ಫರ್ಡ್ ಆ ಕಸವನ್ನೇ ಗುರುವಾಗಿ ಮಾಡಿಕೊಂಡ.

ಕಾಯಿಸಿದರೆ ಸಾಂದ್ರತೆಗೆ ಏನಾಗುತ್ತದೆ?

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಒಂದು ವಸ್ತುವಿನ ದ್ರವ್ಯರಾಶಿಯನ್ನು ಅದರ ಗಾತ್ರದಿಂದ ಭಾಗಿಸಿದರೆ ಬರುವುದೇ ಸಾಂದ್ರತೆ. ಅಂದರೆ ನಿರ್ದಿಷ್ಟ ಜಾಗದಲ್ಲಿ ಎಷ್ಟು ದ್ರವ್ಯ ತುಂಬಿದೆ ಎಂಬುದರ ಅಳತೆ.

ನಿಮ್ಮ ತರಗತಿಯ 30 ಮಕ್ಕಳು ಬೆಳಗಿನ ಪ್ರಾರ್ಥನೆಗೆ ಒತ್ತಾಗಿ ಸಾಲು ನಿಂತಿದ್ದೀರಿ. ಸ್ವಲ್ಪ ಜಾಗ ಸಾಕು. ಅದೇ 30 ಮಕ್ಕಳು ಕೈ ಬೀಸಿ ಕುಣಿಯತೊಡಗಿದರೆ? ಹೆಚ್ಚು ಜಾಗ ಬೇಕು. ಮಕ್ಕಳ ಸಂಖ್ಯೆ ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಹರಡಿಕೊಂಡರು, ಅಷ್ಟೆ. ಕಾಯಿಸಿದಾಗ ವಸ್ತುವಿನ ಅಣುಗಳೂ ಹೀಗೆಯೇ ಹೆಚ್ಚು ಚುರುಕಾಗಿ ಚಲಿಸಿ ದೂರ ದೂರ ಹರಡಿಕೊಳ್ಳುತ್ತವೆ. ಗಾತ್ರ ಹೆಚ್ಚುತ್ತದೆ, ದ್ರವ್ಯರಾಶಿ ಅಷ್ಟೇ ಇರುತ್ತದೆ. ಆದ್ದರಿಂದ ಸಾಂದ್ರತೆ ಕಡಿಮೆಯಾಗುತ್ತದೆ.

ನಾನು ಶಾಲೆಗಳಿಗೆ ಹೋದಾಗ ಒಂದು ಪ್ರಶ್ನೆ ಕೇಳುವುದುಂಟು. ಒಂದು ಕಿಲೋಗ್ರಾಂ ನೀರನ್ನು ಮುಚ್ಚಿದ ಪಾತ್ರೆಯಲ್ಲಿ, ಆವಿ ಹೊರಗೆ ಹೋಗದಂತೆ ಕಾಯಿಸಿದರೆ ಅದರ ತೂಕ ಕಡಿಮೆಯಾಗುತ್ತದೆಯೇ? ಬಿಸಿನೀರು ಹಗುರ ಎಂದು ಓದಿರುವುದರಿಂದ ಹಲವರು ಹೌದು ಎನ್ನುತ್ತಾರೆ. ಅದು ತಪ್ಪು. ಒಂದು ಕಿಲೋಗ್ರಾಂ ನೀರು ಕಾದರೂ ಒಂದು ಕಿಲೋಗ್ರಾಮೇ. ಆದರೆ ಅದು ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದ ಒಂದೊಂದು ಲೀಟರ್ ಅಳೆದು ತೂಗಿದರೆ ವ್ಯತ್ಯಾಸ ತಿಳಿಯುತ್ತದೆ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನ ದ್ರವ್ಯರಾಶಿ ಸುಮಾರು 1000 ಗ್ರಾಂ. 100 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನದು ಸುಮಾರು 958 ಗ್ರಾಂ.

ಗಾಳಿ ಇನ್ನೂ ಹೆಚ್ಚು ಹಿಗ್ಗುತ್ತದೆ. ಒಂದು ಘನ ಮೀಟರ್ ಗಾಳಿಯ ದ್ರವ್ಯರಾಶಿ 0 ಡಿಗ್ರಿಯಲ್ಲಿ ಸುಮಾರು 1.29 ಕಿಲೋಗ್ರಾಂ, 100 ಡಿಗ್ರಿಯಲ್ಲಿ ಸುಮಾರು 0.95 ಕಿಲೋಗ್ರಾಂ. ಘನವಸ್ತುಗಳು ಬಹಳ ಕಡಿಮೆ ಹಿಗ್ಗುತ್ತವೆ, ಆದರೆ ಹಿಗ್ಗುವುದಂತೂ ನಿಜ. ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿಯೇ ತೊಡಿಸುವುದನ್ನು ನಿಮ್ಮ ಅಜ್ಜ ನೋಡಿರಬಹುದು, ಕೇಳಿ.

ಈಗ ಕೊಳವೆಗೆ ಮರಳೋಣ. ಗೋಡೆಯ ಪಕ್ಕದ ಮದ್ಯಸಾರ ಹೊರಗಿನ ಗಾಳಿಗೆ ಶಾಖ ಬಿಟ್ಟುಕೊಟ್ಟು ತಣ್ಣಗಾಯಿತು. ಅದರ ಸಾಂದ್ರತೆ ಹೆಚ್ಚಿತು, ಕೆಳಗಿಳಿಯಿತು. ಕೆಳಗಿನ ಗುಂಡಿನಲ್ಲಿದ್ದ ಬಿಸಿ ಮದ್ಯಸಾರದ ಸಾಂದ್ರತೆ ಕಡಿಮೆ. ಇಳಿದು ಬಂದ ದ್ರವ ಅದನ್ನು ಮೇಲಕ್ಕೆ ತಳ್ಳಿತು. ಹೀಗೆ ಶಾಖವನ್ನು ದ್ರವವೇ ಹೊತ್ತು ತಿರುಗುತ್ತದೆ. ಇದನ್ನೇ ನಿಮ್ಮ ಪಾಠದಲ್ಲಿ ಉಷ್ಣ ಸಂವಹನ ಎಂದು ಓದುತ್ತೀರಿ.

ಗಂಜಿಯ ಗುಟ್ಟೂ ಬಯಲಾಯಿತು. ತಿಳಿನೀರು ಸರಾಗವಾಗಿ ಹತ್ತಿ ಇಳಿಯುತ್ತದೆ. ಗಂಜಿಯಲ್ಲಿ ಬೆಂದ ಅಕ್ಕಿ, ಪಿಷ್ಟ ತುಂಬಿರುವುದರಿಂದ ನೀರು ಅಲುಗಾಡಲು ದಾರಿಯೇ ಇಲ್ಲ. ತಳದ ಬಿಸಿ ತಳದಲ್ಲೇ ಉಳಿಯಿತು. ಉಣ್ಣೆಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿತ್ತಲ್ಲ, ಹಾಗೆಯೇ!

ರಮ್‌ಫರ್ಡ್ ಊಹೆಯನ್ನು ಊಹೆಯಾಗಿಯೇ ಬಿಡಲಿಲ್ಲ. ಬರೀ ನೀರು, ಪಿಷ್ಟ ಬೆರೆಸಿದ ನೀರು, ಹಕ್ಕಿಯ ಮೃದುವಾದ ಪುಕ್ಕ ತುಂಬಿಸಿದ ನೀರು ಇವುಗಳನ್ನು ಕಾಯಿಸಿ, ಆರಲು ಬೇಕಾದ ಹೊತ್ತನ್ನು ಹೋಲಿಸಿದ. ಪಿಷ್ಟ ಅಥವಾ ಪುಕ್ಕ ಇದ್ದ ನೀರು ನಿಧಾನವಾಗಿ ಆರಿತು. ನೀರಿನ ಚಲನೆಯನ್ನು ಕಣ್ಣಾರೆ ಕಾಣಲು ಇನ್ನೊಂದು ಉಪಾಯ ಮಾಡಿದ. ಶಿಲಾರಾಳದ ಪುಡಿಯ ಸಾಂದ್ರತೆ ನೀರಿಗಿಂತ ತುಸು ಹೆಚ್ಚು, ಅದು ಮುಳುಗುತ್ತದೆ. ನೀರಿಗೆ ಕ್ಷಾರ ಲವಣವನ್ನು ಕರಗಿಸಿ ಎರಡರ ಸಾಂದ್ರತೆಯನ್ನೂ ಸಮ ಮಾಡಿದ. ಪುಡಿ ತೇಲದೆ ಮುಳುಗದೆ ನಡುವೆ ನಿಂತಿತು. ಈಗ ನೀರು ಎತ್ತ ಹರಿದರೆ ಪುಡಿಯೂ ಅತ್ತ! ಈ ಪ್ರಯೋಗಗಳ ವಿವರಗಳನ್ನು ಆತ 1797ರಲ್ಲಿ ಪ್ರಕಟಿಸಿದ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಅಗಲ ಬಾಯಿಯ ಗಾಜಿನ ಜಾಡಿ, ಅದರೊಳಗೆ ಹಿಡಿಯುವ ಚಿಕ್ಕ ಗಾಜಿನ ಸೀಸೆ, ದಾರ, ಕೆಂಪು ಶಾಯಿ, ತಣ್ಣೀರು, ಬಿಸಿನೀರು. (ಕುದಿಯುವ ನೀರು ಬೇಡ. ಶಿಕ್ಷಕರ ಅಥವಾ ಮನೆಯ ಹಿರಿಯರ ಸಹಾಯ ಪಡೆಯಿರಿ.)

ವಿಧಾನ: ಜಾಡಿಯ ತುಂಬ ತಣ್ಣೀರು ತುಂಬಿಸಿ. ಚಿಕ್ಕ ಸೀಸೆಯ ಕುತ್ತಿಗೆಗೆ ದಾರ ಕಟ್ಟಿ, ಅದರಲ್ಲಿ ಬಿಸಿನೀರು ತುಂಬಿಸಿ, ಎರಡು ಹನಿ ಶಾಯಿ ಹಾಕಿ. ದಾರ ಹಿಡಿದು ಸೀಸೆಯನ್ನು ಮೆಲ್ಲಗೆ ಜಾಡಿಯ ತಳಕ್ಕೆ ಇಳಿಸಿ.

ಏನು ಕಂಡಿತು? ಕೆಂಪು ನೀರು ಹೊಗೆಯಂತೆ ಮೇಲೆದ್ದು ಜಾಡಿಯ ಮೇಲ್ಭಾಗದಲ್ಲಿ ಸೇರಿಕೊಳ್ಳುತ್ತದೆ. ಈಗ ಜಾಡಿಗೆ ಬೆಚ್ಚನೆಯ ನೀರು, ಸೀಸೆಗೆ ಬಣ್ಣದ ತಣ್ಣೀರು ಹಾಕಿ ಪುನಃ ಮಾಡಿ. ಈ ಸಲ ಬಣ್ಣ ಎಲ್ಲಿ ಉಳಿಯಿತು? ಕಾರಣವನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆಯಿರಿ.

ಹೊಗೆ ಮೇಲೇಕೆ ಹೋಗುತ್ತದೆ?

1795ರಲ್ಲಿ ರಮ್‌ಫರ್ಡ್ ಲಂಡನ್‌ಗೆ ಬಂದ. ಅಲ್ಲಿ ಚಳಿಗೆ ಕೋಣೆಯ ಗೋಡೆಯೊಳಗೆ ದೊಡ್ಡ ಬೆಂಕಿಗೂಡು ಕಟ್ಟಿ ಬೆಂಕಿ ಹಾಕುತ್ತಿದ್ದರು. ಹೊಗೆ ಹೋಗಲು ಮೇಲೆ ಹೊಗೆಕೊಳವೆ. ಆದರೆ ಹೊಗೆ ಎಷ್ಟೋ ಸಲ ಮೇಲೆ ಹೋಗದೆ ಕೋಣೆಗೇ ನುಗ್ಗುತ್ತಿತ್ತು. ಜನ ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ ಕುಳಿತಿರುತ್ತಿದ್ದರು.

ಹೊಗೆಯನ್ನು ಮೇಲಕ್ಕೆ ಕೊಂಡೊಯ್ಯುವುದು ಯಾವುದು? ಹೊಗೆಯೊಂದಿಗೆ ಬೆರೆತ ಬಿಸಿ ಅನಿಲಗಳ ಸಾಂದ್ರತೆ ಸುತ್ತಲಿನ ಗಾಳಿಗಿಂತ ಕಡಿಮೆ ಇರುವುದು. ಆ ಬೆಂಕಿಗೂಡುಗಳ ಗಂಟಲು ತೀರ ಅಗಲವಾಗಿತ್ತು. ಕೋಣೆಯ ತಣ್ಣನೆಯ ಗಾಳಿಯೂ ಬಹಳಷ್ಟು ಅದರೊಳಗೆ ನುಗ್ಗಿ ಹೊಗೆಯನ್ನು ತಣ್ಣಗಾಗಿಸುತ್ತಿತ್ತು. ತಣ್ಣಗಾದ ಹೊಗೆಗೆ ಮೇಲೇರುವ ಬಲ ಎಲ್ಲಿಂದ ಬರಬೇಕು? ರಮ್‌ಫರ್ಡ್ ಗಂಟಲನ್ನು ಕಿರಿದುಗೊಳಿಸಿದ. ಗೂಡಿನ ಆಳವನ್ನು ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಓರೆಯಾಗಿ ಕಟ್ಟಿಸಿದ. ಹೊಗೆ ಬಿಸಿಯಾಗಿಯೇ ಮೇಲೇರಿತು, ಶಾಖ ಕೋಣೆಗೆ ಬಂತು. ಸ್ವಲ್ಪ ಇಟ್ಟಿಗೆ, ಗಾರೆ ಸಾಕು, ಬೇರೇನೂ ಬೇಡ. ಲಂಡನ್‌ನ ಎಷ್ಟೋ ಮನೆಗಳಲ್ಲಿ ಬೆಂಕಿಗೂಡುಗಳನ್ನು ಹೀಗೆ ಬದಲಿಸಲಾಯಿತು.

ಒಲೆಯ ಹೊಗೆ ಎಷ್ಟು ತೊಂದರೆ ಕೊಡುತ್ತದೆ ಎಂಬುದು ಸೌದೆ ಒಲೆಯ ಮುಂದೆ ಕುಳಿತ ಅಮ್ಮ, ಅಜ್ಜಿಯರಿಗೆ ಚೆನ್ನಾಗಿ ಗೊತ್ತು. ಸಾಂದ್ರತೆ ಎನ್ನುವುದು ಪರೀಕ್ಷೆಗೆ ಬರೆಯುವ ಪದ ಮಾತ್ರವಲ್ಲ. ಅದನ್ನು ಅರಿತವರು ಒಲೆ ಕಟ್ಟಿದರೆ ಮನೆಯವರ ಕಣ್ಣು, ಶ್ವಾಸಕೋಶ ಉಳಿಯುತ್ತವೆ.

ಮೀನುಗಳನ್ನು ಉಳಿಸುವ ನೀರಿನ ವಿಚಿತ್ರ ಗುಣ

ಕಾಯಿಸಿದರೆ ಸಾಂದ್ರತೆ ಕಡಿಮೆ, ತಣಿಸಿದರೆ ಹೆಚ್ಚು. ಈ ನಿಯಮಕ್ಕೆ ನೀರು ಒಂದು ಕಡೆ ತಪ್ಪಿ ನಡೆಯುತ್ತದೆ. ಬಿಸಿನೀರನ್ನು ತಣಿಸುತ್ತಾ ಬಂದರೆ ಸುಮಾರು 4 ಡಿಗ್ರಿಯವರೆಗೆ ಅದರ ಸಾಂದ್ರತೆ ಹೆಚ್ಚುತ್ತದೆ. ಅಲ್ಲಿಂದ ಕೆಳಗೆ 0 ಡಿಗ್ರಿಯತ್ತ ಹೋಗುವಾಗ ಸಾಂದ್ರತೆ ಕಡಿಮೆಯಾಗುತ್ತದೆ! ಮಂಜುಗಡ್ಡೆಯಾದಾಗ ಇನ್ನೂ ಕಡಿಮೆ. ಒಂದು ಲೀಟರ್ ಗಾತ್ರದ ಮಂಜುಗಡ್ಡೆಯ ದ್ರವ್ಯರಾಶಿ ಸುಮಾರು 917 ಗ್ರಾಂ ಮಾತ್ರ. ಅದಕ್ಕೇ ಅದು ನೀರಿನಲ್ಲಿ ತೇಲುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯನ್ನು ಗಮನಿಸಿ. ಅರ್ಧ ಕರಗಿದಾಗ ಗಟ್ಟಿ ಎಣ್ಣೆ ತಳದಲ್ಲಿರುತ್ತದೆ. ಹೆಚ್ಚಿನ ವಸ್ತುಗಳು ಕೊಬ್ಬರಿ ಎಣ್ಣೆಯಂತೆ, ನೀರು ಹಾಗಲ್ಲ.

ನೀರಿನ ಈ ಗುಣವನ್ನು ರಮ್‌ಫರ್ಡ್‌ಗಿಂತ ಮೊದಲೇ ಕೆಲವರು ಗಮನಿಸಿದ್ದರು. ಇದರಿಂದ ಪ್ರಕೃತಿಯಲ್ಲಿ ಏನಾಗುತ್ತದೆ ಎಂದು ಆತ ಆಳವಾಗಿ ಯೋಚಿಸಿದ. ನಮ್ಮ ಕರ್ನಾಟಕದ ಕೆರೆಗಳು ಹೆಪ್ಪುಗಟ್ಟುವುದಿಲ್ಲ. ಆದರೆ ಯೂರೋಪಿನ ಚಳಿ ಪ್ರದೇಶದ ಕೆರೆಯೊಂದನ್ನು ಕಲ್ಪಿಸಿಕೊಳ್ಳಿ. ಚಳಿಗಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯುತ್ತದೆ, ಕೆಳಗಿನದು ಮೇಲೆ ಬರುತ್ತದೆ. ಕೆರೆಯೆಲ್ಲ 4 ಡಿಗ್ರಿಗೆ ಬಂದಾಗ ಈ ಓಡಾಟ ನಿಲ್ಲುತ್ತದೆ. ಇನ್ನೂ ತಣ್ಣಗಾದ ನೀರು ಹಗುರವಾಗಿ ಮೇಲೆಯೇ ಉಳಿದು ಮಂಜುಗಡ್ಡೆಯಾಗುತ್ತದೆ. ಆ ಮಂಜುಗಡ್ಡೆ ಕೆರೆಗೆ ಹೊದಿಕೆಯಂತೆ. ಅದರ ಕೆಳಗೆ ಆಳದ ನೀರು ಸುಮಾರು 4 ಡಿಗ್ರಿಯಲ್ಲೇ ಉಳಿದು ಮೀನುಗಳು ಬದುಕುತ್ತವೆ. ನೀರು ಉಳಿದ ವಸ್ತುಗಳಂತೆ ಇದ್ದಿದ್ದರೆ ಮಂಜುಗಡ್ಡೆ ತಳದಿಂದ ಕಟ್ಟುತ್ತಾ ಬರುತ್ತಿತ್ತು. ಆಗ ಜಲಚರಗಳ ಗತಿ?

1803ರಲ್ಲಿ ರಮ್‌ಫರ್ಡ್ ಆಲ್ಪ್ಸ್ ಪರ್ವತದ ಶಾಮೊನಿ ಕಣಿವೆಯ ಹಿಮನದಿಯನ್ನು ನೋಡಲು ಹೋದ. ಅಲ್ಲಿ ಮಂಜಿನ ಮೇಲೆ ಯಾರೋ ಕೊರೆದಂತೆ ನೇರವಾದ, ಆಳವಾದ ಗುಂಡಿಗಳಿದ್ದವು. ಅವುಗಳ ತುಂಬ ನೀರು. ಬಿಸಿಲು, ಬೆಚ್ಚನೆಯ ಗಾಳಿ ತಗಲುವುದು ಮೇಲೆ; ಮಂಜು ಕರಗಿ ಗುಂಡಿ ಇಳಿಯುತ್ತಿರುವುದು ಕೆಳಗೆ! ಇದು ಹೇಗೆ? ಓದುವುದನ್ನು ಒಂದು ನಿಮಿಷ ನಿಲ್ಲಿಸಿ, ನೀವೇ ಯೋಚಿಸಿ.

ಹೊಳೆಯಿತೇ? ಗುಂಡಿಯ ನೀರು 0 ಡಿಗ್ರಿಯಲ್ಲಿದೆ. ಮೇಲಿನ ನೀರು ಸ್ವಲ್ಪ ಬೆಚ್ಚಗಾದಾಗ ಅದರ ಸಾಂದ್ರತೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಆದ್ದರಿಂದ ಅದು ಮುಳುಗಿ ತಳಕ್ಕೆ ಹೋಗಿ, ಅಲ್ಲಿನ ಮಂಜಿಗೆ ಶಾಖ ಕೊಟ್ಟು ಕರಗಿಸುತ್ತದೆ. ಪುನಃ 0 ಡಿಗ್ರಿಗೆ ಇಳಿದ ನೀರು ಹಗುರವಾಗಿ ಮೇಲೆ ಬರುತ್ತದೆ. ಹೀಗೆ ಗುಂಡಿ ಆಳವಾಗುತ್ತಾ ಹೋಗುತ್ತದೆ. ಕಿಟಕಿಯ ಬಳಿಯ ಕೊಳವೆಯಲ್ಲಿ ಕಂಡ ಆಟವೇ ಹಿಮನದಿಯಲ್ಲಿ ತಲೆಕೆಳಗಾಗಿ ನಡೆದಿತ್ತು.

ಒಂದು ತಪ್ಪು, ಒಂದು ದೊಡ್ಡ ಸರಿ

ರಮ್‌ಫರ್ಡ್ ಎಡವಿದ್ದೂ ಉಂಟು. ದ್ರವ ಹರಿದಾಡಿದರೆ ಮಾತ್ರ ಶಾಖ ಸಾಗುತ್ತದೆ. ನಿಂತ ದ್ರವದ ಮೂಲಕ ಶಾಖ ಒಂದಿಷ್ಟೂ ಹಾಯುವುದಿಲ್ಲ ಎಂದು ಆತ ವಾದಿಸಿದ. ಇತರರು ಪ್ರಯೋಗ ಮಾಡಿ ನೋಡಿದಾಗ ನಿಂತ ದ್ರವದಲ್ಲೂ ಶಾಖ ನಿಧಾನವಾಗಿ ಹಾಯುತ್ತದೆ ಎಂದು ತಿಳಿಯಿತು. ಒಳ್ಳೆಯ ಪ್ರಯೋಗ ಮಾಡಿದವರೂ ಅದರಿಂದ ಅತಿಯಾದ ತೀರ್ಮಾನಕ್ಕೆ ಬರಬಹುದು. ಅದಕ್ಕೇ ವಿಜ್ಞಾನದಲ್ಲಿ ಇತರರು ಪುನಃ ಪರೀಕ್ಷಿಸುವುದು ಅಗತ್ಯ.

ಇನ್ನೊಂದು ವಿಷಯದಲ್ಲಿ ಆತ ತನ್ನ ಕಾಲದ ಬಹುತೇಕ ವಿಜ್ಞಾನಿಗಳಿಗಿಂತ ಮುಂದೆ ಇದ್ದ. ಶಾಖ ಎಂಬುದು ಒಂದು ಬಗೆಯ ದ್ರವ್ಯ ಎಂದು ಆಗ ನಂಬಿದ್ದರು. ಮ್ಯೂನಿಕ್‌ನಲ್ಲಿ ಫಿರಂಗಿಯ ನಳಿಗೆ ಕೊರೆಯುವಾಗ ಲೋಹ ವಿಪರೀತ ಬಿಸಿಯಾಗುವುದನ್ನು ರಮ್‌ಫರ್ಡ್ ಕಂಡ. ಮೊಂಡಾದ ಉಳಿಯಿಂದ ಉಜ್ಜಿಸಿ, ಸುತ್ತಲಿನ ನೀರನ್ನು ಬೆಂಕಿಯಿಲ್ಲದೆ ಸುಮಾರು ಎರಡೂವರೆ ಗಂಟೆಯಲ್ಲಿ ಕುದಿಸಿ ತೋರಿಸಿದ. ಉಜ್ಜುತ್ತಿರುವವರೆಗೆ ಶಾಖ ಬರುತ್ತಲೇ ಇರುತ್ತದೆ. ಹಾಗಾದರೆ ಅದು ಲೋಹದೊಳಗೆ ತುಂಬಿಟ್ಟ ದ್ರವ್ಯವಾಗಿರಲಾರದು. ಅದೊಂದು ಬಗೆಯ ಚಲನೆ ಎಂದು 1798ರಲ್ಲಿ ಬರೆದ. ಈಗ ನಾವು ಕುಣಿಯುವ ಅಣುಗಳ ಮಾತಾಡುತ್ತೇವಲ್ಲ, ಆ ದಾರಿಯಲ್ಲಿ ಇದು ಒಂದು ಮುಖ್ಯ ಹೆಜ್ಜೆ.

ಕೊನೆಯ ದಿನಗಳು

1799ರಲ್ಲಿ ಲಂಡನ್‌ನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಲು ರಮ್‌ಫರ್ಡ್ ಮುಂದಾದ. ವಿಜ್ಞಾನ ಜನರ ಬದುಕಿಗೆ ಉಪಯೋಗವಾಗಬೇಕು ಎಂಬುದು ಅದರ ಉದ್ದೇಶ. 1801ರಲ್ಲಿ ಹಂಫ್ರಿ ಡೇವಿ ಎಂಬ ತರುಣನನ್ನು ಅಲ್ಲಿಗೆ ಕರೆತಂದರು. ಮುಂದೆ 1813ರಲ್ಲಿ ಡೇವಿಯ ಸಹಾಯಕನಾಗಿ ಅಲ್ಲಿಗೆ ಸೇರಿದ ಬಡ ಹುಡುಗನೇ ಮೈಕೆಲ್ ಫ್ಯಾರಡೆ! ರಾಯಲ್ ಸೊಸೈಟಿಗೆ ರಮ್‌ಫರ್ಡ್ ಕೊಟ್ಟ ಹಣದಿಂದ ರಮ್‌ಫರ್ಡ್ ಪದಕವೂ ಆರಂಭವಾಯಿತು. ತಮಾಷೆಯೆಂದರೆ, ಅದು ಮೊದಲು ಸಂದಿದ್ದು ರಮ್‌ಫರ್ಡ್‌ಗೇ.

ಬಾಳಿನ ಕೊನೆಯ ವರ್ಷಗಳನ್ನು ಆತ ಫ್ರಾನ್ಸ್‌ನಲ್ಲಿ ಕಳೆದ. ಪ್ರಸಿದ್ಧ ರಸಾಯನ ವಿಜ್ಞಾನಿ ಲಾವೋಸಿಯೆ ಅವರ ವಿಧವೆ ಮೇರಿ ಆ್ಯನ್ ಅವರನ್ನು ಮದುವೆಯಾದ. ಇಬ್ಬರಿಗೂ ಹೊಂದಿಕೆಯಾಗದೆ 1809ರಲ್ಲಿ ಬೇರೆಯಾದರು. ಪ್ಯಾರಿಸ್ ಸಮೀಪದ ಓತೈ ಎಂಬಲ್ಲಿ 1814ರ ಆಗಸ್ಟ್ 21ರಂದು ರಮ್‌ಫರ್ಡ್ ತೀರಿಕೊಂಡ. ಆಗ ವಯಸ್ಸು 61. ಕೋಣೆಗಳನ್ನು ಬೆಚ್ಚಗಿಡುವುದು ಹೇಗೆಂದು ಊರಿಗೆಲ್ಲ ಹೇಳಿಕೊಟ್ಟವನ ಸ್ವಂತ ಮನೆ ಹೆಚ್ಚು ಕಾಲ ಬೆಚ್ಚಗಿರಲಿಲ್ಲ.

ಮಕ್ಕಳೇ, ರಮ್‌ಫರ್ಡ್‌ನಿಂದ ನಾವು ಏನನ್ನು ತೆಗೆದುಕೊಳ್ಳಬಹುದು? ಆತನ ಬಳಿ ಇದ್ದದ್ದು ಒಂದು ಬಟ್ಟಲು ಗಂಜಿ, ಕೊಳವೆಯಲ್ಲಿ ಒಂದಿಷ್ಟು ಧೂಳು, ಏಕೆ ಎಂಬ ಪ್ರಶ್ನೆ. ಗಂಜಿ, ಒಲೆ, ಹೊಗೆ, ನೀರು ನಿಮ್ಮ ಮನೆಯಲ್ಲೂ ಇವೆ. ಇವತ್ತು ಅಮ್ಮ ಸಾರಿಗೆ ನೀರಿಟ್ಟಾಗ ದೂರದಿಂದಲೇ ಗಮನಿಸಿ. ಬೇಳೆ ಹೇಗೆ ಮೇಲೆದ್ದು, ಹೇಗೆ ಕೆಳಗಿಳಿಯುತ್ತದೆ ನೋಡಿ. ಕಂಡದ್ದನ್ನು ಬರೆದಿಡಿ.

ಯೋಚಿಸಿ, ಉತ್ತರಿಸಿ

1. ನೀರು ಕಾಯಿಸುವಾಗ ಪಾತ್ರೆಯ ಕೆಳಗೆ ಬೆಂಕಿ ಇಡುತ್ತೇವೆ. ಮೇಲಿನಿಂದ ಮಾತ್ರ ಕಾಯಿಸಿದರೆ ತಳದ ನೀರು ಬೇಗ ಬಿಸಿಯಾಗುತ್ತದೆಯೇ? ಏಕೆ?

2. ಅಡುಗೆಮನೆಯ ಹೊಗೆಕಿಂಡಿಯನ್ನು ಗೋಡೆಯ ಮೇಲ್ಭಾಗದಲ್ಲಿ ಇಡುವುದೇಕೆ?

3. 1 ಡಿಗ್ರಿಯಲ್ಲಿರುವ ನೀರನ್ನು 3 ಡಿಗ್ರಿಗೆ ಕಾಯಿಸಿದರೆ ಅದರ ಸಾಂದ್ರತೆ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ?

4. ಗಟ್ಟಿ ಪಾಯಸ ಬೇಗ ಆರಬೇಕಾದರೆ ಚಮಚದಿಂದ ಕಲಕುತ್ತೇವೆ. ತಿಳಿಸಾರಿನಲ್ಲಿ ಆ ಕೆಲಸವನ್ನು ಯಾರು ಮಾಡುತ್ತಾರೆ?